ಸಾಕ್ಷಿಯ ಹೊತ್ತು

ಹಾರೆ ಮತ್ತೆ ಕಲ್ಲಿಗೆ ತಾಗಿ ಠಣ್ ಎಂದಿತು.

"ಇನ್ನೊಂದು ಮೊಳ ತೆಗೀರಪ್ಪ," ಎಂದರು ಪಾಸ್ಟರ್ ದೇವದಾನಪ್ಪ, ವಾಚು ನೋಡುತ್ತ.

"ಬರೇ ಕಲ್ಲು ಐತ್ರಿ ಅಯ್ಯನೋರ," ಎಂದ ಗುಂಡಿ ತೋಡುತ್ತಿದ್ದ ಯಲ್ಲೇಶ.

ಸಮಾಧಿ ಜಾಗ ಸಂಡೂರು ರಸ್ತೆಗೆ ಅಂಟಿಕೊಂಡೇ ಇತ್ತು. ಅದಿರು ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಹುಲುಗಮ್ಮನ ಪೆಟ್ಟಿಗೆಗೆ ಹೊದಿಸಿದ ಬಿಳಿ ಬಟ್ಟೆ ಅದಿರಿನ ಧೂಳಿಗೆ ಆಗಲೇ ಕೆಂಪಾಗಿತ್ತು. ಯಾರೋ ಎರಡು ಸಲ ಜಾಡಿಸಿ ಕೈಬಿಟ್ಟರು.

ಹುಲುಗಮ್ಮ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದಳು. ನಿನ್ನೆ ಡ್ಯೂಟಿ ಮುಗಿಸಿ ಬಸ್ಸಿಗೆ ಕಾಯುತ್ತ ಕೂತವಳು ಕೂತಲ್ಲೇ ಹೋಗಿಬಿಟ್ಟಳು. ಮಕ್ಕಳಿಲ್ಲ, ಗಂಡ ಎಂದೋ ತೀರಿದ್ದ. ಮಣ್ಣಿಗೆ ಬಂದವರು ಚರ್ಚಿನ ಸಭೆಯ ಇಪ್ಪತ್ತು ಮಂದಿ, ಜೊತೆಗೆ ಬೈಪಾಸಿನ ಖಾನಾವಳಿ ತೋಟಪ್ಪ. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ. ವಾರ್ಡಿನ ರೋಗಿಗಳಿಗೆಂದು ಹುಲುಗಮ್ಮ ಗಂಜಿ ಕೇಳಿದಾಗ ಒಂದು ದಿನವೂ ಇಲ್ಲ ಎಂದವನಲ್ಲ. ಅವನ ಹಿಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತವಳು ಜಂಬವ್ವ, ಅವನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು.

"ನೀ ಯಾಕ ಇಷ್ಟು ಅಳ್ತಿ? ಕೆಲಸಕ್ಕ ಹಚ್ಚಿದಾಕಿ ಹೌದು, ಮತ್ತೇನಾಗಬೇಕು ನಿನಗ ಈಕಿ?" ತೋಟಪ್ಪ ಕೇಳಿದ.

"ಏನಿಲ್ರಿ ಧಣಿ. ಗುರ್ತದಾಕಿ."

*

ಹುಲುಗಮ್ಮನ ಪ್ರಾರ್ಥನೆಗೆ ಎರಡು ಹೆಸರು ಬೇಕಿತ್ತು: ರೋಗಿಯದು, ರೋಗಿಯ ತಾಯಿಯದು. ಡಾಕ್ಟರು ಕೈಚೆಲ್ಲಿದ, ಮನೆಯವರು ಬಿಟ್ಟುಹೋದ ಮಂಚಗಳ ಪಕ್ಕದಲ್ಲೇ ಅವಳ ಸ್ಟೂಲು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಂಥ ಮಂಚದ ಮೇಲೆ ಜಂಬವ್ವನ ಗಂಡ ಇದ್ದ. ಅದಿರು ಲಾರಿಯ ಡ್ರೈವರು, ಈಗ ಬರೀ ಎಲುಬು. ಕಾಲ ಬಳಿ ಜಂಬವ್ವ ಒಬ್ಬಳೇ.

"ನಿಮ್ಮವ್ವನ ಹೆಸರೇನಪ್ಪ?" ಹುಲುಗಮ್ಮ ಕೇಳಿದಳು.

"ತಾಯಕ್ಕ."

"ಸ್ವಾಮಿ, ತಾಯಕ್ಕನ ಮಗ ಹೊನ್ನೂರಸ್ವಾಮಿ ಇಲ್ಲಿ ಅದಾನ. ಮರೀಬ್ಯಾಡ."

ಅಷ್ಟೇ ಪ್ರಾರ್ಥನೆ. ಸಂಜೆಗೆ ಅವನು ಹೋದ. ಅವನನ್ನು ತಿಂದ ಏಡ್ಸ್ ಸೋಂಕು ಜಂಬವ್ವನ ರಕ್ತದಲ್ಲೂ ಇದೆಯೆಂದು ವಾರದಲ್ಲಿ ತಿಳಿಯಿತು. ಕಾಲುವೆಗೆ ಬೀಳಲು ಹೊರಟವಳನ್ನು ಹುಲುಗಮ್ಮ ಕೈಹಿಡಿದು ಎಳೆದುತಂದಳು. ಗುಳಿಗೆ ಕೊಡಿಸಿದಳು, ತೋಟಪ್ಪನ ಹತ್ತಿರ ಕೆಲಸಕ್ಕೆ ಹಚ್ಚಿದಳು.

"ರೊಟ್ಟಿಯಿಂದ ಯಾರಿಗೂ ಹತ್ತಂಗಿಲ್ಲ ಅಂತ ಡಾಕ್ಟರು ಹೇಳ್ಯಾರ," ಎಂದಿದ್ದಳು. "ಆದ್ರ ಮಂದಿ ಕೇಳಂಗಿಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ."

*

ಭಾನುವಾರ ಸಭೆಯಲ್ಲಿ ಹಾಡು ಮುಗಿದ ಮೇಲೆ ಸಾಕ್ಷಿಯ ಹೊತ್ತು. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳಬೇಕು. ಒಬ್ಬರಿಗೆ ಜ್ವರ ಬಿಟ್ಟಿರುತ್ತಿತ್ತು, ಇನ್ನೊಬ್ಬರ ಟಿಪ್ಪರಿಗೆ ಪರ್ಮಿಟ್ ಸಿಕ್ಕಿರುತ್ತಿತ್ತು. ಆ ವರ್ಷಗಳಲ್ಲಿ ದೇವರಿಗೂ ಅದಿರಿನ ಕೆಲಸವೇ ಹೆಚ್ಚಾಗಿತ್ತು. ಹುಲುಗಮ್ಮ ಮಾತ್ರ ಆ ವಾರ ಸತ್ತವರ ಹೆಸರು ಹೇಳಿ, "ಇವರ ಹತ್ರ ಕುಂತಿದ್ದೆ. ದೇವರೂ ಇದ್ದ," ಎಂದು ಕೂರುತ್ತಿದ್ದಳು.

ಒಂದಿನ ದೇವದಾನಪ್ಪ ಅವಳನ್ನು ಪಕ್ಕಕ್ಕೆ ಕರೆದರು. "ಸಾಕ್ಷಿ ಅಂದ್ರ ಜಯದ ಮಾತಿರಬೇಕಮ್ಮ. ಬರೇ ಸತ್ತೋರ ಸುದ್ದಿ ಹೇಳಿದ್ರ ಹೊಸಬರು ಹೆದರ್ತಾರ. ವಾಸಿ ಆದೋರು ಇದ್ರ ಹೇಳು, ಇಲ್ಲಾಂದ್ರ ಬ್ಯಾಡ."

ಅಂದಿನಿಂದ ಹುಲುಗಮ್ಮ ಎದ್ದು, ಏನೂ ಹೇಳದೆ ಒಂದು ಗಳಿಗೆ ನಿಂತು, ಕೂರತೊಡಗಿದಳು. ಪ್ರತಿ ಭಾನುವಾರ, ಐದು ವರ್ಷ. ಪಾಸ್ಟರಿಗೆ ಅದು ಮಾತಿಗಿಂತ ಹೆಚ್ಚು ಚುಚ್ಚಿತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ.

*

ಪೆಟ್ಟಿಗೆ ಇಳಿಯಿತು.

"ಈ ತಾಯಿ ಬಗ್ಗೆ ಯಾರಾದ್ರೂ ಸಾಕ್ಷಿ ಹೇಳೋರು ಅದೀರೇನು?" ಪಾಸ್ಟರ್ ಕೇಳಿದರು.

ಯಾರೂ ಮುಂದೆ ಬರಲಿಲ್ಲ. ಅವಳು ಹತ್ತಿರ ಕೂತು ನೋಡಿಕೊಂಡವರೆಲ್ಲ ಅವಳಿಗಿಂತ ಮೊದಲೇ ಮಣ್ಣು ಸೇರಿದ್ದರು, ಒಬ್ಬಳ ಹೊರತು.

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಹುಲುಗಮ್ಮ ಒಂದು ಒಳ್ಳೆಯ ಮಾತಿಲ್ಲದೆ ಮಣ್ಣಾಗುತ್ತಾಳೆ. ಪಾಸ್ಟರ್ ಪುಸ್ತಕ ತೆರೆಯುವಷ್ಟರಲ್ಲಿ ಜಂಬವ್ವ ಸೆರಗು ಸರಿಸಿ ಮುಂದೆ ಬಂದಳು.

"ನಂಗ ಏಡ್ಸ್ ಐತ್ರಿ," ಎಂದಳು. "ನನ್ನ ಗಂಡ ಅದರಾಗ ಸತ್ತ. ಸಾಯೋತನಕ ಅವನ ಕೈ ಹಿಡಕೊಂಡು ಕುಂತಾಕಿ ಈಕಿ. ನಾ ಕಾಲುವಿಗೆ ಹೊಂಟಿದ್ದೆ, ಬಿಡಲಿಲ್ಲ. ನಾ ವಾಸಿ ಆಗಿಲ್ರಿ, ಆಗಂಗೂ ಇಲ್ಲ. ಆದ್ರ ಇನ್ನೂ ಅದೀನಿ."

ಗುಂಡಿಯ ಕಡೆ ತಿರುಗಿದಳು. "ಈಕಿ ಅವ್ವನ ಹೆಸರು ನಂಗ ಗೊತ್ತಿಲ್ಲ. ನಾ ಕೇಳಲೇ ಇಲ್ಲ. ಸ್ವಾಮಿ, ಹುಲುಗಮ್ಮ ಬರಾಕತ್ಯಾಳ. ಮರೀಬ್ಯಾಡ."

ಬಗ್ಗಿ, ಗುಡ್ಡೆ ಹಾಕಿದ್ದ ಮಣ್ಣಿನಿಂದ ಒಂದು ಹಿಡಿ ತೆಗೆದು ಪೆಟ್ಟಿಗೆಯ ಮೇಲೆ ಹಾಕಿದಳು.

ಮಣ್ಣು ಹಾಕಲು ಉಳಿದವರು ಸಾಲಾಗಿ ಬಂದರು. ಮುಂದಿದ್ದ ತೋಟಪ್ಪ ಅವಳ ಮುಖ ನೋಡಲಿಲ್ಲ.

"ನಾಳಿಂದ ಬರಬ್ಯಾಡವ್ವ," ಎಂದ ಮೆಲ್ಲಗೆ. ಒಳ್ಳೆಯ ಮನುಷ್ಯ, ದನಿಯಲ್ಲಿ ಸಂಕಟವೂ ಇತ್ತು. ಆಮೇಲೆ ಗುಡ್ಡೆಯನ್ನು ಸುತ್ತಿ ಹೋಗಿ ಆಚೆ ಬದಿಯ ಮಣ್ಣು ತೆಗೆದ. ಅವನ ಹಿಂದಿನವರೂ ಸುತ್ತಿಯೇ ಹೋದರು. ಈಚೆ ಬದಿಯಲ್ಲಿ ಜಂಬವ್ವನ ಬೆರಳು ತೋಡಿದ ಗುಳಿ ಹಾಗೇ ಉಳಿಯಿತು.

ಕೊನೆಗೆ ಉಳಿದವರು ಪಾಸ್ಟರ್. ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಅವರು ಏನೂ ಹೇಳದೆ ಒಂದು ಗಳಿಗೆ ನಿಂತರು. ಆಮೇಲೆ ಬಿಳಿ ಅಂಗಿಯ ತೋಳು ಮಡಚಿ, ಬಗ್ಗಿ, ಆ ಗುಳಿಯೊಳಗೇ ಕೈ ಹಾಕಿದರು.