ಚೀಟಿ ಮತಕ್ಕೆ ಬೇಕಾದ ಏಳು ಜನ

ಊರಿನ ಶಾಲೆಗೆ ಹಣವಿಲ್ಲವೆಂದು ಹೇಳಿದವರ ಮಾತನ್ನು ತಲೆತಗ್ಗಿಸಿ ನಂಬಿದಿರಲ್ಲ, ಅದೇ ಶಾಲೆಯ ನೆತ್ತಿಯ ಮೇಲೆ ಹಾರುವ ಯುದ್ಧವಿಮಾನಕ್ಕೆ ಹಣ ಎಲ್ಲಿಂದ ಬಂತೆಂದು ನೀವು ಒಮ್ಮೆಯಾದರೂ ಕೇಳಿದಿರಾ?

ಅಮೆರಿಕದ ವರ್ಮಾಂಟ್ ರಾಜ್ಯದ ಆಶ್‌ಬಿ ಫಾಲ್ಸ್ ಎಂಬ ಊರಿನಲ್ಲಿ ಕ್ಲಾಡೆಟ್ ರಿವಾರ್ಡ್ ಕೇಳಿದಳು.

ಅರವತ್ತು ದಾಟಿದ ಕ್ಲಾಡೆಟ್ ಆ ಊರಿನ ಪ್ರಾಥಮಿಕ ಶಾಲೆಯಲ್ಲಿ, ಅಕ್ಷರಗಳ ಮುಂದೆ ಮುಗ್ಗರಿಸುವ ಮಕ್ಕಳಿಗೆ ಓದು ಕಲಿಸುತ್ತಿದ್ದಳು. ರಕ್ತದ ಕಾಯಿಲೆ ಕಾಣಿಸಿಕೊಂಡ ಮೇಲೆ ಪೂರ್ಣ ದಿನದ ಕೆಲಸ ಬಿಟ್ಟು ಅರ್ಧ ದಿನಕ್ಕೆ ಇಳಿದಿದ್ದಳು. ಅರ್ಧ ದಿನದವರಿಗೆ ಶಾಲೆಯಿಂದ ಆರೋಗ್ಯ ವಿಮೆ ಇರಲಿಲ್ಲ. ತಿಂಗಳಿಗೊಮ್ಮೆ ರಕ್ತನಾಳದ ಮೂಲಕ ಅವಳ ಮೈಗೆ ಇಳಿಯುವ ಔಷಧಿಯ ವೆಚ್ಚವನ್ನು ಗಂಡ ರೋಲಂಡನ ಕಾರ್ಖಾನೆಯ ವಿಮೆಯೇ ಹೊರುತ್ತಿತ್ತು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಅದೇ ಯುದ್ಧವಿಮಾನದ ಇಂಧನದ ವಾಲ್ವು.

ಜೂನಿನಲ್ಲಿ ಶಾಲೆ ಮುಚ್ಚಲಿತ್ತು. ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರು ಕೆಟ್ಟಿದೆ, ಸದ್ದು ತಡೆಯುವ ಕಿಟಕಿಗಳಿಗೆ ಅನುದಾನವಿಲ್ಲ, ಮಕ್ಕಳನ್ನು ಬೇರೆ ಊರಿಗೆ ಕಳುಹಿಸುವುದೇ ಮೇಲೆಂದು ಮೇಲಿನವರು ತೀರ್ಮಾನಿಸಿದ್ದರು. ಆ ಕಿಟಕಿಗಳು ಬೇಕಾದದ್ದಾದರೂ ಏಕೆ? ಪಕ್ಕದ ವಾಯುಪಡೆಯ ನೆಲೆಯಿಂದ ವಿಮಾನಗಳು ಏಳುವಾಗ ಪಾಠ ನಿಲ್ಲುತ್ತಿತ್ತು. ಕಿವಿ ಮುಚ್ಚಿಕೊಂಡ ಮಗುವಿಗೆ ಅರ್ಧ ಓದಿದ ಪದ ಮರೆತುಹೋಗುತ್ತಿತ್ತು. ಪದವನ್ನು ಕಸಿದುಕೊಂಡ ಯಂತ್ರಕ್ಕೆ ಹಣವಿತ್ತು, ಪದವನ್ನು ಹಿಂದಿರುಗಿಸುವ ಶಾಲೆಗೆ ಇರಲಿಲ್ಲ. ಇದನ್ನು ನ್ಯಾಯವೆಂದು ಕರೆಯುವ ಭಾಷೆಯನ್ನು ಕ್ಲಾಡೆಟ್ ಯಾವ ಮಗುವಿಗೂ ಕಲಿಸಿರಲಿಲ್ಲ.

ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ಮತದಾರರೆಲ್ಲ ಒಂದೆಡೆ ಕುಳಿತು, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪಿನಿಂದ ಹಿಡಿದು ಅಗ್ನಿಶಾಮಕ ಬಂಡಿಯವರೆಗೆ ಎಲ್ಲವನ್ನೂ ‘ಹೌದು’, ‘ಇಲ್ಲ’ ಎಂದು ಕೂಗಿ ಹೇಳುವ ಬಾಯಿಮತದಿಂದ ನಿರ್ಧರಿಸುತ್ತಾರೆ. ಕ್ಲಾಡೆಟ್ ಅಂದಿನ ಸಭೆಗೆ ಒಂದು ಠರಾವು ತಂದಿದ್ದಳು: ಹೊಸ ಯುದ್ಧವಿಮಾನಗಳಿಗೆ ಇನ್ನು ಹಣ ಕೊಡಬೇಡಿ, ಅದನ್ನು ಶಾಲೆಗಳಿಗೆ ಕೊಡಿ ಎಂದು ಈ ಊರು ವಾಷಿಂಗ್ಟನ್ನಿನ ತನ್ನ ಪ್ರತಿನಿಧಿಗಳಿಗೆ ಹೇಳಬೇಕು. ವಿಮಾನನೆಲೆಯ ಮಗ್ಗುಲ ಊರೇ ಹಾಗೆ ಹೇಳಿದರೆ ಅದನ್ನು ಕಸದ ಬುಟ್ಟಿಗೆ ಹಾಕುವುದು ಸುಲಭವಲ್ಲವೆಂದು ಅವಳು ನಂಬಿದ್ದಳು.

ಆದರೆ ಬಾಯಿಮತದಲ್ಲಿ ಠರಾವು ಗೆಲ್ಲುವುದಿಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಆ ವಿಮಾನವನ್ನು ಕಟ್ಟುವವರು ಅದನ್ನು ಸಾವಿರ ತುಂಡು ಮಾಡಿ, ದೇಶದ ಮೂಲೆ ಮೂಲೆಯ ಊರುಗಳಿಗೆ ಒಂದೊಂದು ತುಂಡು ಹಂಚಿದ್ದರು. ಕಳ್ಳನು ಕದ್ದ ಕಾಳನ್ನು ಊರಿನ ಮನೆಮನೆಗೂ ಒಂದೊಂದು ಹಿಡಿ ಹಂಚಿದರೆ ದೂರು ಕೊಡಲು ಹೋಗುವವರು ಯಾರು? ಆಶ್‌ಬಿ ಫಾಲ್ಸ್‌ನಲ್ಲಿ ಒಬ್ಬನ ಮಗಳು ನೆಲೆಯಲ್ಲಿದ್ದಳು, ಇನ್ನೊಬ್ಬನ ಅಳಿಯ ಕಾರ್ಖಾನೆಯಲ್ಲಿದ್ದ. ನೆರೆಯವನ ಕಿವಿಗೆ ಬೀಳುವಂತೆ ಯಾರೂ ‘ಹೌದು’ ಎನ್ನಲಾರರು. ಉಳಿದದ್ದು ಒಂದೇ ದಾರಿ. ಮತಕ್ಕೆ ಹಾಕುವ ಮುನ್ನ ಏಳು ಮತದಾರರು ಎದ್ದು ನಿಂತು ಕೇಳಿದರೆ ಗುಟ್ಟಾಗಿ ಚೀಟಿಯಲ್ಲಿ ಮತ ಹಾಕಿಸಲೇಬೇಕೆಂಬ ನಿಯಮವಿತ್ತು. ಚೀಟಿ ಸಿಕ್ಕರೆ ಗೆಲುವು ಸಾಧ್ಯ. ನಿಲ್ಲುತ್ತೇವೆಂದು ಮಾತು ಕೊಟ್ಟವರು ತನ್ನನ್ನು ಬಿಟ್ಟರೆ ಆರು ಜನ, ಆರನೆಯವನು ರೋಲಂಡ್.

ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಅವನು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಕುಳಿತಿದ್ದ.

“ನಿಲ್ತೀಯ ತಾನೆ?” ಎಂದಳು.

“ನಿಲ್ತೀನಿ ಅಂದೆನಲ್ಲ. ಎಷ್ಟು ಸಲ ಹೇಳಿಸ್ತೀಯ ಕಣೆ? ನಮ್ಮ ಮದುವೇಲಿ ಪಾದ್ರಿ ಕೂಡ ಒಂದೇ ಸಲ ಕೇಳಿದ್ದು.”

“ಅವತ್ತು ಒಂದೇ ಸಲ ಹೇಳಿ, ಇಷ್ಟು ವರ್ಷ ನಡೆಸ್ಕೊಂಡು ಬಂದೆಯಲ್ಲ, ಆ ಧೈರ್ಯದ ಮೇಲೇ ಕೇಳ್ತಿರೋದು.”

ಅವನು ಬ್ರೆಡ್ಡನ್ನು ಬಾಯಿಗೆ ಒಯ್ಯದೆ ತಟ್ಟೆಯಲ್ಲಿಟ್ಟ. “ಡ್ವೇನ್ ಬಂದಿರ್ತಾನೆ.”

“ಬರ್ಲಿ. ಅವನಿಗೂ ಒಂದೇ ಓಟು.”

“ಅವನು ನಮ್ಮ ಫೋರ್‌ಮನ್ನು, ಕ್ಲಾಡೆಟ್. ಏಪ್ರಿಲಲ್ಲಿ ಜನ ಕಮ್ಮಿ ಮಾಡ್ತಾರಂತೆ. ಹೆಸರು ಆರಿಸೋನು ಅವನೇ.”

ಅವಳು ಎದ್ದು ಅವನ ಕೋಟನ್ನು ತಂದುಕೊಟ್ಟಳು. ಅವನೂ ತೊಟ್ಟುಕೊಂಡ.

ಸಭೆ ಶಾಲೆಯ ಆಟದ ಹಜಾರದಲ್ಲೇ ಸೇರಿತು. ಬೂಟುಗಳ ಹಿಮ ಕರಗಿ ನೆಲವೆಲ್ಲ ಒದ್ದೆಯಾಗಿತ್ತು. ಅಧ್ಯಕ್ಷ ಎವೆರೆಟ್ ಟಟಲ್ ತೀರ್ಮಾನವಾದಾಗ ಬಡಿಯುವ ಮರದ ಕೊಡತಿ ಹಿಡಿದು ಮೇಜಿನ ಹಿಂದೆ ಕುಳಿತಿದ್ದ. ಊರಿನ ಪಶುವೈದ್ಯ, ನಿಯಮವನ್ನು ಕೂದಲೆಳೆಯಷ್ಟೂ ಬಾಗಿಸದವ. ಠರಾವಿನ ಸರದಿ ಬಂದಾಗ ಕ್ಲಾಡೆಟ್ ಎದ್ದು ಹೇಳಿದಳು: ಒಂದು ವಿಮಾನ ಒಂದೆರಡು ಗಂಟೆ ಹಾರುವ ವೆಚ್ಚದಲ್ಲಿ ಒಬ್ಬ ಶಿಕ್ಷಕಿಯ ವರ್ಷದ ಸಂಬಳ ಬರುತ್ತದೆ. ಹಾರದೆ ನಿಂತಾಗಲೂ ಅದು ತಿನ್ನುತ್ತದೆ. ಅದು ಯಾವ ಶತ್ರುವನ್ನು ತಡೆಯಿತೆಂದು ಕೇಳಿದರೆ ‘ಮುಂದೆ ತಡೆಯುತ್ತದೆ’ ಎನ್ನುತ್ತಾರೆ. ಅಲ್ಲಿಯವರೆಗೆ ಅದು ತಡೆದಿರುವುದು ನಮ್ಮ ಮಕ್ಕಳ ಓದನ್ನು ಮಾತ್ರ.

ಹಿಂದಿನ ಸಾಲಿನಿಂದ ವೆಂಡೆಲ್ ಪ್ಯಾರಿಶ್ ಊರುಗೋಲೂರಿ ಎದ್ದ. ಹರೆಯದಲ್ಲಿ ಕಾಲಾಳು ಯೋಧನಾಗಿ ದೂರದ ಯುದ್ಧಕ್ಕೆ ಹೋಗಿಬಂದವನು.

“ಟೀಚರಮ್ಮ, ಕಣಿವೆಯಲ್ಲಿ ನಾಲ್ಕೂ ಕಡೆಯಿಂದ ಗುಂಡು ಬೀಳ್ತಿರುವಾಗ ಮೇಲೆ ನಮ್ಮ ವಿಮಾನದ ಸದ್ದು ಕೇಳಿದ್ರೆ ಹೇಗಿರತ್ತೆ ಗೊತ್ತಾ? ಹೆತ್ತವ್ವ ಬಾಗಿಲು ತೆಗೆದ ಹಾಗೆ. ಅದಕ್ಕೆ ಬೆಲೆ ಕಟ್ತೀರಾ ನೀವು?”

ಕ್ಲಾಡೆಟ್ ಮೆಲ್ಲನೆ ಕೇಳಿದಳು: “ಕಟ್ಟಲ್ಲ ವೆಂಡೆಲ್. ಆದ್ರೆ ಅವತ್ತು ನಿನ್ನ ಕಾಪಾಡಿದ ವಿಮಾನ ಈ ಜಾತಿದಾ?”

ಮುದುಕ ಗಡ್ಡ ಕೆರೆದುಕೊಂಡ. “ಅಲ್ಲ. ಅದು ಹಳೇ ಗಾಡಿ. ನಿಧಾನ, ಅಗ್ಗ. ಈಗ ಗುಜರಿಗೆ ಹಾಕ್ತಾರಂತೆ, ನನ್ನ ಹಾಗೆ.” ಜನ ನಕ್ಕರು. ಅವನು ನಗಲಿಲ್ಲ. “ಆದ್ರೂ ನಾನು ‘ಇಲ್ಲ’ ಅಂತಲೇ ಅನ್ನೋದು. ನಾಳೆ ಯಾರ ಮಗನೋ ಕಣಿವೆಯಲ್ಲಿದ್ರೆ?”

ಆಮೇಲೆ ಡ್ವೇನ್ ಮೆಸಿಯರ್ ಎದ್ದ. “ಟೀಚರ್, ನಾನೂ ನಿಮ್ಮ ಕೈಲೇ ಅಕ್ಷರ ಕಲ್ತವನು, ಬೇಜಾರು ಮಾಡ್ಕೋಬೇಡಿ. ಶಾಲೆ ಮುಚ್ಚಿದ್ರೆ ಮಕ್ಕಳು ಬಸ್ಸು ಹತ್ತಿ ಪಕ್ಕದೂರಿಗೆ ಹೋಗ್ತಾರೆ. ಕಾರ್ಖಾನೆ ಮುಚ್ಚಿದ್ರೆ ಅವರಪ್ಪಂದಿರು ಯಾವ ಬಸ್ಸು ಹತ್ಬೇಕು?”

“ಕಾರ್ಖಾನೆ ಮುಚ್ಚಿ ಅಂದವರ್ಯಾರು ಡ್ವೇನ್? ಈ ಶಾಲೆ ಬಾಯ್ಲರಿಗೂ ಒಂದು ವಾಲ್ವು ಬೇಕಪ್ಪ.”

“ಬಾಯ್ಲರ್ ವಾಲ್ವಿಗೆ ವಾಷಿಂಗ್ಟನ್ನು ಈ ರೇಟು ಕೊಡಲ್ಲ ಟೀಚರ್!”

“ಅದನ್ನೇ ಅಲ್ಲವೇನೋ ನಾನು ಬೆಳಿಗ್ಗೆಯಿಂದ ಬಡ್ಕೋತಿರೋದು!”

ಈ ಸಲ ಜನರ ನಗೆ ಅವಳ ಪರವಾಗಿತ್ತು. ಡ್ವೇನ್ ಕೂಡ ನಕ್ಕು ಕುಳಿತ. ಕುಳಿತದ್ದು ರೋಲಂಡನ ಬೆನ್ನ ಹಿಂದಿನ ಕುರ್ಚಿಯಲ್ಲಿ. ಕೂರುವಾಗ ರೋಲಂಡನ ಭುಜವನ್ನು ಸ್ನೇಹದಿಂದ ತಟ್ಟಿದ. ಆ ತಟ್ಟುವಿಕೆಯಲ್ಲಿ ಬೆದರಿಕೆಯಿತ್ತೆಂದು ಹೇಳಲಾಗದು. ಬೆದರಿಕೆಯ ಅಗತ್ಯವೇ ಇಲ್ಲದಷ್ಟು ವ್ಯವಸ್ಥೆ ಅಚ್ಚುಕಟ್ಟಾಗಿತ್ತು.

“ಅಧ್ಯಕ್ಷರೇ, ಚೀಟಿ ಮತ ಬೇಕು” ಎಂದಳು ಕ್ಲಾಡೆಟ್.

“ಬೇಕು ಅನ್ನೋರು ಎದ್ದು ನಿಲ್ಲಿ. ಏಳು ಜನ ಆಗ್ಬೇಕು” ಎಂದ ಎವೆರೆಟ್.

ಗ್ರಂಥಪಾಲಕಿ ಎದ್ದಳು. ಚರ್ಚಿನ ಪಾದ್ರಿ ಎದ್ದ. ನಿವೃತ್ತ ವೈದ್ಯೆ ಎದ್ದಳು, ಹಾಲಿನ ಫಾರ್ಮಿನ ಗಂಡಹೆಂಡಿರು ಒಟ್ಟಿಗೆ ಎದ್ದರು. ಅಷ್ಟರಲ್ಲಿ ನೆಲೆಯಿಂದ ವಿಮಾನಗಳೆದ್ದವು. ಕಿಟಕಿಗಳು ನಡುಗಿದವು, ಕಾಫಿಯ ಲೋಟಗಳು ಮೇಜಿನ ಮೇಲೆ ಕುಣಿದವು. ಈ ಹೊತ್ತಿಗೆ ಊರಿನವರು ಇಟ್ಟ ಹೆಸರು ‘ಪ್ರಾರ್ಥನೆ’: ಎಲ್ಲರ ಮಾತು ನಿಲ್ಲುತ್ತದೆ, ಎಲ್ಲರ ತಲೆ ತಗ್ಗುತ್ತದೆ, ಸದ್ದು ದಾಟಿದ ಮೇಲೆ ಎಲ್ಲರೂ ಬಿಟ್ಟ ಪದದಿಂದಲೇ ಮುಂದುವರಿಯುತ್ತಾರೆ.

ಆ ಸದ್ದಿನೊಳಗೆ ಕ್ಲಾಡೆಟ್ ಗಂಡನನ್ನೇ ನೋಡುತ್ತಿದ್ದಳು. ಅವನ ಎರಡೂ ಕೈಗಳು ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದಿದ್ದವು. ತೋಳುಗಳು ಬಿಗಿದವು, ಮೈ ಕುರ್ಚಿಯಿಂದ ಒಂದಿಷ್ಟು ಮೇಲೆದ್ದಿತು. ಆಗ ಅವನು ಕತ್ತು ಎತ್ತಿ ಅವಳ ಕಡೆಗೆ ನೋಡಿದ. ಅವಳ ಮುಖವನ್ನಲ್ಲ. ಸೂಜಿಯ ಗುರುತು ಮುಚ್ಚಲು ಅವಳು ಮಣಿಕಟ್ಟಿನವರೆಗೆ ಎಳೆದುಕೊಂಡಿದ್ದ ಸ್ವೆಟರಿನ ತೋಳನ್ನು ನೋಡಿದ. ಮತ್ತೆ ಕುಳಿತುಕೊಂಡ.

ಸದ್ದು ದಾಟಿತು. ಎವೆರೆಟ್ ಬೆರಳು ಮಾಡಿ ಎಣಿಸಿದ. “ಆರು. ಸಾಲದು.” ಯಾರಿಗಾಗಿಯೂ ಅವನು ಕಾಯಲಿಲ್ಲ, ಕಾಯಬೇಕೆಂದು ನಿಯಮದಲ್ಲಿರಲಿಲ್ಲ. ಬಾಯಿಮತಕ್ಕೆ ಹಾಕಿದ. ‘ಹೌದು’ ಎಂಬುದು ಅಲ್ಲೊಂದು ಇಲ್ಲೊಂದು ಕೇಳಿತು. ‘ಇಲ್ಲ’ ಎಂಬುದು ಹಜಾರದ ಮಾಡಿಗೆ ಬಡಿಯಿತು. ಕೊಡತಿ ಬಿತ್ತು.

ನಿಜವಾದ ಶಿಕ್ಷೆ ಊಟದ ಹೊತ್ತಿಗೆ ಕಾದಿತ್ತು. ಹುರುಳಿಕಾಯಿ ಬೀಜದ ಪಲ್ಯ, ಹಂದಿಮಾಂಸ, ಸೇಬಿನ ಕಡುಬುಗಳ ಮುಂದೆ ಸಾಲು ನಿಂತಿತ್ತು. ನೆಲೆಯಲ್ಲಿ ಮೆಕ್ಯಾನಿಕ್ ಆಗಿದ್ದ ಕೇಲಾ ಬುಶಿ ತಟ್ಟೆ ಹಿಡಿದು ಕ್ಲಾಡೆಟ್‌ಳ ಪಕ್ಕಕ್ಕೆ ಸರಿದಳು.

“ಟೀಚರ್, ನಾನು ಹೇಳಿದೆ ಅಂತ ಯಾರಿಗೂ ಹೇಳ್ಬೇಡಿ. ಶೆಡ್ಡಿನಲ್ಲಿ ಅರ್ಧಕ್ಕರ್ಧ ವಿಮಾನ ಬಿಡಿಭಾಗ ಇಲ್ಲದೆ ಬಿದ್ದಿವೆ. ಒಂದರ ಕರುಳು ಕಿತ್ತು ಇನ್ನೊಂದಕ್ಕೆ ಹಾಕ್ತೀವಿ. ಚೀಟಿ ಕೊಟ್ಟಿದ್ರೆ ‘ಹೌದು’ ಅಂತಲೇ ಬರೀತಿದ್ದೆ.”

“ಮತ್ತೆ ಎದ್ದು ನಿಲ್ಲಲಿಲ್ಲ ಯಾಕಮ್ಮ?”

“ನಿಮ್ಮ ಹತ್ರ ಏಳು ಜನ ಇದ್ದೇ ಇರ್ತಾರೆ ಅಂದ್ಕೊಂಡೆ. ಒಬ್ಬರು ಕಮ್ಮಿ ಅಂತ ಗೊತ್ತಿದ್ರೆ ಖಂಡಿತ ನಿಲ್ತಿದ್ದೆ.”

ಆಮೇಲೆ ಅಂಚೆ ಕಚೇರಿಯವನು ಬಂದು ಅದೇ ಮಾತನ್ನು ಪಿಸುಗುಟ್ಟಿದ. ಕಡುಬು ಬಡಿಸುತ್ತಿದ್ದ ಹೆಂಗಸು ಅದನ್ನೇ ಅಂದಳು. ಕೊನೆಗೆ ವೆಂಡೆಲ್ ಪ್ಯಾರಿಶ್ ಕೂಡ ಬಂದ. “ನಾನು ನಿಮ್ಮ ಮಾತಿಗೆ ವಿರೋಧ. ಆದ್ರೆ ಚೀಟಿ ಕೇಳೋ ಹಕ್ಕಿಗೆ ವಿರೋಧ ಅಲ್ಲ. ಒಂದು ಮಾತು ಹೇಳಿದ್ರೆ ನಿಲ್ತಿರಲಿಲ್ವಾ?” ಆ ಸೀಮೆಯಲ್ಲಿ ನೆರೆಯವನ ಮತವನ್ನು ಕೇಳುವುದು ಅವನ ಸಂಬಳ ಕೇಳುವುದಕ್ಕಿಂತ ಅಸಭ್ಯ. ಆ ಮರ್ಯಾದೆಯನ್ನು ಮೀರದೆ ಕ್ಲಾಡೆಟ್ ಆಪ್ತರನ್ನಷ್ಟೇ ಕೇಳಿದ್ದಳು. ಅದೇ ಮರ್ಯಾದೆಯಲ್ಲಿ ಉಳಿದವರು ಕುಳಿತೇ ಇದ್ದರು. ಸೋತದ್ದು ಧೈರ್ಯವಿಲ್ಲದ್ದಕ್ಕಷ್ಟೇ ಅಲ್ಲ. ಬೇರೆ ಯಾರೋ ನಿಲ್ಲುತ್ತಾರೆಂಬ ನಂಬಿಕೆಯೂ ಆ ಹಜಾರದಲ್ಲಿ ಬೇಕಾದಷ್ಟಿತ್ತು.

ಮನೆಯ ದಾರಿಯಲ್ಲಿ ರೋಲಂಡ್ ಟ್ರಕ್ಕನ್ನು ಕೆಸರಿನಲ್ಲಿ ನಿಧಾನವಾಗಿ ನಡೆಸುತ್ತಿದ್ದ.

“ಬೈಯೋದಿದ್ರೆ ಬೈದುಬಿಡು” ಎಂದ.

“ನೀನು ಮಾತು ಕೊಟ್ಟಿದ್ದೆ.”

“ಕೊಟ್ಟಿದ್ದೆ. ನಿಂತಿದ್ರೆ ಏಪ್ರಿಲಲ್ಲಿ ನಿನ್ನ ಔಷಧಿಗೆ ಯಾರು ಮಾತು ಕೊಡ್ತಿದ್ರು? ಆ ಶಾಲೆ ಕೊಡತ್ತಾ? ಈ ಊರು ಕೊಡತ್ತಾ? ಆ ದರಿದ್ರ ವಿಮಾನ ಕೊಡ್ತಾ ಇದೆ ಕಣೆ, ಅದೊಂದೇ ಕೊಡ್ತಾ ಇರೋದು.”

ಗಂಡ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಸೈನಿಕರ ಹೆಸರಿನಲ್ಲಿ, ದೇಶದ ಹೆಸರಿನಲ್ಲಿ ಕಟ್ಟಿದ ಆ ಯಂತ್ರ ಅವಳ ನಾಳದೊಳಕ್ಕೂ ಇಳಿದು, ತನ್ನನ್ನು ಶಪಿಸುವ ಗಂಟಲಿಗೇ ಉಸಿರು ಕೊಡುತ್ತಿತ್ತು. ಹೆಂಡತಿಯ ಔಷಧಿಯನ್ನೂ ಊರಿನ ಶಾಲೆಯನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು, ಆರಿಸೆಂದು ಒಬ್ಬ ಸಾಧಾರಣ ಮನುಷ್ಯನ ಕೈಗೆ ಕೊಟ್ಟ ದೇಶ, ಅವನನ್ನು ಯಾವ ಶತ್ರುವಿನಿಂದ ಕಾಪಾಡುತ್ತಿದೆ? ಅವಳು ತೋಳು ಚಾಚಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಕ್ಷಮಿಸಿದ್ದಕ್ಕಲ್ಲ, ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಜೂನಿನಲ್ಲಿ ಶಾಲೆ ಮುಚ್ಚಿತು. ಏಪ್ರಿಲಿನಲ್ಲಿ ಕಾರ್ಖಾನೆ ಕೆಲಸದಿಂದ ತೆಗೆದವರ ಪಟ್ಟಿಯಲ್ಲಿ ರೋಲಂಡನ ಹೆಸರಿರಲಿಲ್ಲ. ಔಷಧಿ ತಪ್ಪಲಿಲ್ಲ. ಓದು ಅರ್ಧಕ್ಕೆ ನಿಂತ ಮಕ್ಕಳು ನಸುಕಿನಲ್ಲೇ ಬಸ್ಸು ಹತ್ತಿ ಹೋಗುವುದನ್ನು ಕ್ಲಾಡೆಟ್ ಕಿಟಕಿಯಿಂದ ನೋಡುತ್ತಿದ್ದಳು; ಅವರಲ್ಲಿ ಕೆಲವರು ಈಗ ಓದುವುದನ್ನೇ ಬಿಟ್ಟಿದ್ದಾರೆಂದು ಕೇಳಿದಳು.

ನಿಮ್ಮ ಊರಿನಲ್ಲಿಯೂ ಸಭೆ ಸೇರುತ್ತದೆ, ಅಲ್ಲಿಯೂ ಯಾರೋ ಒಬ್ಬರು ಒಂಟಿಯಾಗಿ ಎದ್ದು ಲೆಕ್ಕ ಕೇಳುತ್ತಾರೆ. ಅವರ ಮಾತು ನಿಮಗೆ ಒಪ್ಪಿಗೆಯಾಗದಿರಬಹುದು. ಆದರೂ ಅವರ ಹಿಂದೆ ಸಾಕಷ್ಟು ಜನರಿದ್ದಾರೆಂದು ಭಾವಿಸಿ ಕುಳಿತಿರಬೇಡಿ. ಎಷ್ಟು ಜನ ನಿಂತಿದ್ದಾರೆಂದು ಹೊರಳಿ ನೋಡಿ. ಸಾಲದಿದ್ದರೆ, ದಯವಿಟ್ಟು, ಕೊಡತಿ ಬೀಳುವ ಮುನ್ನ ನೀವೂ ಎದ್ದು ನಿಲ್ಲಿ.