ದಿಮ್ಮಿಯೊಳಗಿನ ಕೈ

"ಸಾಕಿ ಸಲಹಿದ್ದು ಇದಕ್ಕೇನಾ?"

ಅಣ್ಣ ಇದನ್ನು ಕೇಳಿದ್ದು ಔಷಧದ ಕಪಾಟಿಗೆ ಮುಖ ಮಾಡಿ. ಅವನ ಮಗಳು ನನ್ನ ಮೇಜಿನ ಮೇಲೆ ಕೂತಿದ್ದಳು. ಎಡಗೈಗೆ ಸುತ್ತಿದ್ದ ಟವೆಲ್ಲು ಕೆಂಪಾಗುತ್ತಿತ್ತು. ಅವಳು ಅಳುತ್ತಿರಲಿಲ್ಲ. ಅದೇ ನನಗೆ ದಿಗಿಲು.

ಗಾಯಗೊಂಡ ಕಾಡುಪ್ರಾಣಿಗಳನ್ನು ಸಾಕುವ ಈ ಆಶ್ರಯ ಅಣ್ಣನದು, ಅವುಗಳ ಡಾಕ್ಟರು ನಾನು. ಶುರು ಮಾಡಿದಾಗಲೇ ಅವನೊಂದು ಕಟ್ಟುಪಾಡು ಮಾಡಿದ್ದ: ಮನುಷ್ಯರ ರಕ್ತ ಹರಿಸಿದ ಪ್ರಾಣಿ ಇಲ್ಲಿ ಉಳಿಯುವಂತಿಲ್ಲ. ಹೋದ ಚಳಿಗಾಲದಲ್ಲಿ ಕಸ ಗುಡಿಸುವವನ ಕೈ ಕಚ್ಚಿದ ನರಿಗೆ ಕೊನೆಯ ಸೂಜಿ ಚುಚ್ಚಿದ್ದು ನಾನೇ.

"ಗುಡಾಣನೇ ಮಾಡಿರೋದು," ಅಂದ ಅಣ್ಣ.

ಗುಡಾಣ ನಮ್ಮ ಕರಡಿ. ತಾಯಿ ಸತ್ತ ಮರಿಯಾಗಿ ಬಂದು, ನನ್ನ ತೊಡೆಯ ಮೇಲೆ ಬಾಟಲಿ ಹಾಲು ಕುಡಿದು, ದೊಡ್ಡ ಮಡಕೆಯಂಥ ಹೊಟ್ಟೆ ಬೆಳೆಸಿಕೊಂಡು ಆ ಹೆಸರು ಪಡೆದದ್ದು.

"ಆ ಬೋನಿನ ಸಾಲಲ್ಲಿ ಕಾಡುಬೆಕ್ಕೂ ಇದೆ, ಹದ್ದೂ ಇದೆ. ಗಾಯ ನೋಡ್ತೀನಿ ಇರು."

"ನೋಡು, ನೋಡು. ನಿನ್ನ ಮುದ್ದಿನ ಮಗ ಅಲ್ವಾ? ಏನಾದ್ರೂ ನೆಪ ಸಿಕ್ಕೇ ಸಿಗುತ್ತೆ."

"ಅಣ್ಣ ತಂಗಿ ಆಮೇಲೆ ಕಚ್ಚಾಡಿ," ಅತ್ತಿಗೆ ಗದರಿದಳು. "ಆಸ್ಪತ್ರೆಗೆ ಹೋಗೋಕೆ ಗಾಡಿ ಬರ್ತಿದೆ. ಅಷ್ಟರಲ್ಲಿ ಮಗು ಕೈ ತೊಳಿ."

ಟವೆಲ್ಲು ಬಿಚ್ಚಿದೆ. ಬೆಕ್ಕಾಗಿರಲಿ, ದೇವರೇ, ಇಲ್ಲ ಹದ್ದಾಗಿರಲಿ ಎಂದು ಮನಸ್ಸು ಬೇಡುತ್ತಿತ್ತು. ಅವಾದರೆ ಇನ್ನೂ ಹೊಸವು, ನನ್ನ ತೊಡೆಯ ಮೇಲೆ ಬೆಳೆದವಲ್ಲ. ಹಾಗೆ ಬೇಡಿಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಬೆಕ್ಕು ತನ್ನ ಉಗುರನ್ನು ಒರೆಯಲ್ಲಿಟ್ಟ ಕತ್ತಿಯಂತೆ ಕಾಯುತ್ತದೆ. ನಡೆಯುವಾಗ ನೆಲಕ್ಕೆ ಸೋಕಿಸದು, ಮೊನೆ ಸವೆಯದು. ಅದು ಪರಚಿದರೆ ಬ್ಲೇಡು ಎಳೆದ ಹಾಗೆ ಸಣ್ಣ ಗೆರೆ. ಇಲ್ಲಿ ಅಂಥ ಗೆರೆ ಇರಲಿಲ್ಲ. ಹದ್ದಿನ ಉಗುರು ಇರುವುದು ಹಿಡಿಯುವುದಕ್ಕೆ. ಮುಂದಿನಿಂದ ಮೂರು, ಹಿಂದಿನಿಂದ ಒಂದು ಒತ್ತಿ ತೂತು ಬೀಳುತ್ತದೆ. ತೂತೂ ಇರಲಿಲ್ಲ.

ಇದ್ದದ್ದು ಉತ್ತ ನೆಲದಂಥ ಅಗಲ ಸಾಲುಗಳು. ಅಂಚು ಮೊಂಡು. ಒಳಗೆ ಸೇರಿಕೊಳ್ಳದ, ನೆಲ ಬಗೆದು ಸವೆದ ಉಗುರು.

"ಗುಡಾಣನೇ," ಅಂದೆ.

"ಹಾಗಾದ್ರೆ ಸೂಜಿ ತುಂಬು."

ನಾನು ಗಾಯಕ್ಕೆ ನೀರು ಹುಯ್ಯುತ್ತಲೇ ಇದ್ದೆ. ಗಾಯದಿಂದ ಕೊಳೆತ ಮರದ ಪುಡಿ ಹರಿದು ಬಂತು. ಬಗ್ಗಿ ಮೂಸಿದೆ. ಜೇನು! ಸಾಲುಗಳೆಲ್ಲ ಮೊಣಕೈ ಹತ್ತಿರ ಶುರುವಾಗಿ ಅಂಗೈ ಕಡೆಗೆ ನೆಟ್ಟಗೆ ಇಳಿದಿದ್ದವು. ಮೇಲೆರಗಿ ಹೊಡೆದಿದ್ದರೆ ತೋಳಿಗೆ ಅಡ್ಡ ಬೀಳಬೇಕಿತ್ತು.

"ಪುಟಾಣಿ, ದಿಮ್ಮಿಯೊಳಗೆ ಕೈ ಹಾಕಿದ್ಯಾ?"

ಅವಳು ಅಪ್ಪನ ಮುಖ ನೋಡಿದಳು.

ನಮ್ಮಲ್ಲಿ ಕರಡಿಗೆ ಊಟವನ್ನು ತಟ್ಟೆಯಲ್ಲಿ ಇಡುವುದಿಲ್ಲ. ಬೋನಿನ ಕಂಬಿಗಳ ನಡುವೆ ತೂರಿಸಿದ ಟೊಳ್ಳು ದಿಮ್ಮಿಯೊಂದಿದೆ. ಹೊರಗಿನ ತುದಿಯಿಂದ ಕೋಲು ಹಾಕಿ ಜೇನು ಸವರುತ್ತೇವೆ. ಒಳಗಿನ ತುದಿಯಿಂದ ಅದು ಉಗುರು ತೂರಿಸಿ, ಕೆದಕಿ, ತನ್ನ ಕಡೆ ಎಳೆದುಕೊಂಡು ತಿನ್ನಬೇಕು. ಕಾಡಿಗೆ ಮರಳಿದರೆ ಹುತ್ತ ಬಗೆಯಲು ಬರಬೇಕಲ್ಲ ಎಂದು ಅಣ್ಣನೇ ಹಾಕಿಕೊಟ್ಟ ಪದ್ಧತಿ.

"ಕೋಲು ಸಿಗಲಿಲ್ಲ ಅತ್ತೆ. ಕೈಯಲ್ಲೇ ಸವರ್ತಿದ್ದೆ. ತೋಳಿಗೆಲ್ಲ ಮೆತ್ಕೊಂಡಿತ್ತು. ಅದು ಆಕಡೆಯಿಂದ ಬಂದಿದ್ದು ಕಾಣಲಿಲ್ಲ."

"ಆಮೇಲೆ?"

"ಕಿರುಚಿದೆ. ತಕ್ಷಣ ಬಿಟ್ಬಿಡ್ತು. ಮೂಲೆಗೆ ಹೋಗಿ ಮುದುರಿಕೊಂಡು ಕೂತ್ಕೊಳ್ತು."

"ಅಷ್ಟು ಕೇಳಿದ್ರೂ ಬಾಯಿ ಬಿಡಲಿಲ್ವಲ್ಲೇ!" ಅತ್ತಿಗೆ ಹಣೆ ಚಚ್ಚಿಕೊಂಡಳು.

"ಬಿಟ್ರೆ ಅದಕ್ಕೆ ಸೂಜಿ ಹಾಕ್ತೀರಲ್ಲ." ಈಗ ಅತ್ತಳು.

"ಜೇನು ಕೆದಕ್ತಿತ್ತು ಅಷ್ಟೇ ಅಣ್ಣ," ಅಂದೆ. "ಅದಕ್ಕೆ ನಾವು ಕಲಿಸಿದ್ದೇ ಅದು."

ಅಣ್ಣ ಸ್ಟೂಲಿನ ಮೇಲೆ ಕುಸಿದ. ಗುಡಾಣ ಬದುಕಿತು ಅಂದುಕೊಂಡೆ. ಅವನು ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಕಲ್ಲು.

"ನರಿಗೂ ಏನೋ ಕಾರಣ ಇದ್ದಿರಬೇಕು. ನಾವು ಕೇಳಿದ್ವಾ? ನಾಳೆ ಗುಡಿಸೋನು ಬಂದು, ನರಿಗೊಂದು ನ್ಯಾಯ, ನಿಮ್ಮನೆ ಕರಡಿಗೊಂದು ನ್ಯಾಯಾನಾ ಅಂದ್ರೆ ಎಲ್ಲಿ ಮುಖ ಇಟ್ಕೊಳ್ಳಲಿ?"

ಹೊರಗೆ ಗಾಡಿಯ ಹಾರ್ನ್ ಕೇಳಿತು. ಗಾಯಕ್ಕೆ ಬಟ್ಟೆ ಸುತ್ತಿದೆ. ಅತ್ತಿಗೆ ಮಗುವನ್ನು ಎತ್ತಿಕೊಂಡಳು. ಅಮ್ಮನ ಹೆಗಲ ಮೇಲಿಂದ ಆ ಕಣ್ಣುಗಳು ನನ್ನನ್ನೇ ನೋಡುತ್ತಾ ಬಾಗಿಲು ದಾಟಿದವು.

ಅಣ್ಣ ಕಪಾಟಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ನಿನ್ನ ಕಾಲಿಗೆ ಬೇಕಾದ್ರೂ ಬೀಳ್ತೀನಿ ಕಣೇ. ನನ್ನ ಮಾತು ಉಳಿಸು. ಅವರು ವಾಪಸ್ ಬರೋದ್ರೊಳಗೆ ಮುಗಿಸಿಬಿಡು."

ನಾನು ಬೀಗದ ಕೈಯನ್ನು ಅವನ ಅಂಗಿಯ ಜೇಬಿಗೆ ಹಾಕಿದೆ.

"ಇಲ್ಲ ಅಣ್ಣ. ನಾನು ಸೂಜಿ ಹಾಕಲ್ಲ."