ಡಿಕ್ಕಿಯ ತಳದ ಅಂಕಿ

ಅಯಸ್ಕಾಂತ ಹಿಡಿಯಿತು. ಅಂದರೆ ಇಲ್ಲಿ ಪುಟ್ಟಿ ಮೆತ್ತಿಲ್ಲ, ಬಣ್ಣದ ಕೆಳಗೆ ತಗಡೇ ಇದೆ. ಅವನು ಒಂದು ಗೇಣು ಸರಿದು ಕೆಂಪು ಕಾರಿನ ಪಕ್ಕೆಗೆ ಮತ್ತೆ ಒತ್ತಿದ. ಮತ್ತೆ ಹಿಡಿಯಿತು.

"ಏನೋ ತಕ್ಕಡಿ, ಡಾಕ್ಟರ ಹಾಗೆ ಪಕ್ಕೆಯೆಲ್ಲ ಒತ್ತಿ ನೋಡ್ತಿದೀಯಲ್ಲ. ಬದುಕುತ್ತಾ?"

ಅತ್ತಿಗೆ ಶೆಡ್ಡಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ತಕ್ಕಡಿ ಎಂಬುದು ಅಣ್ಣ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಅಮ್ಮ ಇಬ್ಬರಿಗೂ ಬಡಿಸಿದ್ದನ್ನು ಇವನು ಕಣ್ಣಲ್ಲೇ ತೂಗುತ್ತಿದ್ದನಂತೆ. ಅಣ್ಣ ತೀರಿಕೊಂಡ ಮೇಲೆ ಹಾಗೆ ಕರೆಯುವವರು ಲೋಕದಲ್ಲಿ ಇವರೊಬ್ಬರೇ.

"ಪರವಾಗಿಲ್ಲ ಅತ್ತಿಗೆ."

"ಪರವಾಗಿಲ್ಲ ಅನ್ನೋದು ಜ್ವರಕ್ಕೆ. ಕೂತು ಕುಡಿ."

ಅವನು ನಿಂತೇ ಕುಡಿದ. ಬೆಲೆ ಕಟ್ಟಲು ಹೋದ ಮನೆಯಲ್ಲಿ ಕೂರಬಾರದು. ಕೂತರೆ ದಾಕ್ಷಿಣ್ಯ ಹುಟ್ಟುತ್ತದೆ. ಈ ನಿಯಮ ಅಣ್ಣನ ಮನೆಗೂ ಸಲ್ಲುತ್ತದೆಯೇ ಎಂದು ಯೋಚಿಸುವಷ್ಟರಲ್ಲಿ ಲೋಟ ಖಾಲಿಯಾಗಿತ್ತು.

ಹಳೆಯ ಇಟಲಿ ಕಾರುಗಳಿಗೆ ಬೆಲೆ ಹೇಳುವುದು ಅವನ ಕಸುಬು. ವಿಚಿತ್ರ ಸಂತೆ ಅದು. ಹೊಸ ಬಣ್ಣ ಬಳಿದರೆ ಬೆಲೆ ಇಳಿಯುತ್ತದೆ, ಹರಿದ ಸೀಟು ಹರಿದಂತೆಯೇ ಇದ್ದರೆ ಏರುತ್ತದೆ. ಓಡಿದಷ್ಟೂ ಅಗ್ಗ, ನಿಂತಷ್ಟೂ ದುಬಾರಿ. ಕಾರಿನ ಜೊತೆ ಹುಟ್ಟಿದ ಇಂಜಿನ್ನೇ ಇದ್ದರೆ ಒಂದು ಬೆಲೆ, ಬೇರೆಯದಾದರೆ ಅರ್ಧ. ದೇವರು ಮನುಷ್ಯರನ್ನು ಹೀಗೆ ಅಳೆಯುವುದಿಲ್ಲ ಎಂಬ ನಂಬಿಕೆಯ ಮೇಲೆ ಜನ ನಿದ್ದೆ ಮಾಡುತ್ತಾರೆ. ಅವನಿಗೆ ನಿದ್ದೆ ಕಡಿಮೆ.

ಇಂಜಿನ್ನು ಅದೇ ಇತ್ತು. ಉಳಿದದ್ದು ಮೈ. ಅದರ ಬಗ್ಗೆ ಬಂಧುಗಳಲ್ಲಿ ಚಿಕ್ಕಪ್ಪ ಹುಟ್ಟುಹಾಕಿದ ಒಂದು ಹಳೆಯ ನಗೆಯಿತ್ತು: ಎಲ್ಲೋ ಗುದ್ದಿಸಿಕೊಂಡು ಬೇರೆ ಮೈ ತೊಟ್ಟು ಬಂದ ಕಾರು ಇದು; ದೊಡ್ಡವನು ಜೀವಮಾನದ ದುಡಿಮೆ ಸುರಿದು ವೇಷಗಾರನನ್ನು ಮನೆಗೆ ಕರೆತಂದ. ಅಣ್ಣ ತಾನೂ ನಕ್ಕು ಸುಮ್ಮನಾಗುತ್ತಿದ್ದ. ಅತ್ತಿಗೆ ನಗುತ್ತಿರಲಿಲ್ಲ.

"ಕಾರು ಕೊಳ್ಳೋ ದಲ್ಲಾಳಿ ಎಷ್ಟಾದ್ರೂ ಕೊಡಲಿ," ಎಂದರು ಈಗ. "ನಿಮ್ಮಣ್ಣ ಮೋಸ ಹೋಗಿರಲಿಲ್ಲ ಅಂತ ನೀನು ಬರೆದುಕೊಡ್ಬೇಕು. ನಿನ್ನ ರುಜು ಬಿದ್ರೆ ನಿಮ್ಮ ಚಿಕ್ಕಪ್ಪನ ಬಾಯೂ ಮುಚ್ಚುತ್ತೆ. ನನಗೆ ಅಷ್ಟು ಸಾಕು."

ಅದು ಸುಲಭ. ಈ ಮೈಗಳನ್ನು ಕೈಯಿಂದ ಬಡಿಯುತ್ತಿದ್ದ ಕೆಲಸಗಾರ, ಬಡಿದಾದ ಮೇಲೆ ಡಿಕ್ಕಿಯ ತಳದಲ್ಲಿ ಸೀಮೆಸುಣ್ಣದಿಂದ ಕಾರಿನ ಸಂಖ್ಯೆ ಗೀಚುತ್ತಿದ್ದ. ಮೈ ಬದಲಾದರೆ ಆ ಬರಹ ಇರುವುದಿಲ್ಲ. ಅಣ್ಣ ಒಮ್ಮೆ ಇವನ ಕತ್ತು ಹಿಡಿದು ಒಳಗೆ ಬಗ್ಗಿಸಿ ತೋರಿಸಿದ್ದ. "ನೋಡೋ, ಏಳಕ್ಕೆ ಸೊಂಟಪಟ್ಟಿ ಕಟ್ಟಿದ್ದಾನೆ!" ಏಳರ ನಡುವೆ ಒಂದು ಅಡ್ಡಗೆರೆ. ನೋಡಿ ಮುಗಿದ ಮೇಲೂ ಆ ಕೈ ಕತ್ತಿನ ಮೇಲೆ ಸ್ವಲ್ಪ ಹೊತ್ತು ಇತ್ತು.

ಅವನು ಡಿಕ್ಕಿ ತೆರೆದು ಚಾಪೆ ಎತ್ತಿದ. ತಗಡು ತೊಳೆದ ತಟ್ಟೆಯಂತೆ ಹೊಳೆಯಿತು.

"ಅತ್ತಿಗೆ, ಇಲ್ಲೊಂದು ಬರಹ ಇತ್ತಲ್ಲ."

"ಆ ಗೀಚಿದ್ದಾ? ಸೀಮೆಎಣ್ಣೆ ಹಾಕಿ ಉಜ್ಜಿಬಿಟ್ಟೆ. ನೀನು ಬರ್ತಿದೀಯ ಅಂತ. ಎಷ್ಟು ಕಾಲದ ಮೇಲೆ ಬರೋನು, ಕೊಳೆ ತೋರಿಸ್ಲಾ?"

ಅವನು ಚಾಪೆಯ ಅಂಚು ಹಿಡಿದೇ ಇದ್ದ.

"ಯಾಕೋ?"

"ಏನಿಲ್ಲ."

"ತಕ್ಕಡಿ. ಯಾಕೆ?"

ಹೇಳಿದ. ವರದಿ ಓದುವ ದನಿಯಲ್ಲಿ ಹೇಳಿದ. ಅತ್ತಿಗೆ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು, ಆ ಸುಣ್ಣ ಅಲ್ಲಿ ಇನ್ನೂ ಅಂಟಿರಬಹುದು ಎಂಬಂತೆ.

"ನೀನು ನೋಡಿದ್ದೆ ತಾನೆ? ನೋಡಿದ್ದೆ ಅಂತ ಬರಿ."

"ತಮ್ಮನ ಮಾತು ಅಂತಾರೆ. ನಡೆಯಲ್ಲ."

ಈ ಕಸುಬಿನಲ್ಲಿ ಬಂಧುವಿನ ಕಣ್ಣು ಕುರುಡು. ತಮ್ಮನಾಗಿ ಕಂಡದ್ದನ್ನು ಬೆಲೆಗಾರ ಹೇಳುವಂತಿಲ್ಲ. ಬೆಲೆಗಾರ ಕಾಣಲು ಈಗ ಏನೂ ಉಳಿದಿಲ್ಲ.

"ಹಾಗಾದ್ರೆ ಇಲ್ಲ ಅಂತ ಬರೀತೀಯ."

"ಇಲ್ಲ ಅಂತಲ್ಲ. ಕಂಡುಬಂದಿಲ್ಲ ಅಂತ."

"ನಿಮ್ಮ ಚಿಕ್ಕಪ್ಪನಿಗೆ ಎರಡೂ ಒಂದೇ."

ಫೋನು ಬಡಿದುಕೊಂಡಿತು. ದಲ್ಲಾಳಿ. "ಅಸಲಿ ಮೈಯೋ, ಬದಲಿಯೋ? ಒಂದೇ ಮಾತು ಹೇಳಿ ಸ್ವಾಮಿ."

"ನೋಡ್ತಿದೀನಿ," ಎಂದು ಇಟ್ಟ.

ತಿರುಗಿದರೆ ಅತ್ತಿಗೆ ಇರಲಿಲ್ಲ. ಒಳಗಿಂದ ಬಂದವರು ಅವನ ಅಂಗೈಗೆ ಒಂದು ತುಂಡು ಸೀಮೆಸುಣ್ಣ ಇಟ್ಟರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯಲ್ಲಿ ಅದಕ್ಕೆ ಬರವಿಲ್ಲ.

"ಬರಿ. ಇದ್ದದ್ದನ್ನ ಇದ್ದ ಜಾಗದಲ್ಲೇ ಬರೆದ್ರೆ ಅದು ಸುಳ್ಳು ಹೇಗಾಗುತ್ತೆ?"

"ಅತ್ತಿಗೆ, ಇಂಥದ್ದನ್ನ ಹಿಡಿಯೋದೇ ನನ್ನ ಕೆಲಸ."

"ಹಿಡಿ. ಬರೆದಾದ ಮೇಲೆ ಹಿಡಿ. ಅಳಿಸಿದವಳು ನಾನು, ಪಾಪ ಇದ್ರೆ ನನಗಿರಲಿ. ಒಲೆ ಹಚ್ತೀನಿ, ಊಟ ಮಾಡ್ಕೊಂಡು ಇವತ್ತು ಇಲ್ಲೇ ಉಳಿ. ಅಲ್ಲಿ ನಿನ್ನ ಕಾಯೋರು ಯಾರಿದಾರೆ?"

"ಫ್ರಿಜ್ಜಿದೆ."

"ಅದಕ್ಕೊಂದು ಫೋನ್ ಮಾಡು, ಬರಲ್ಲ ಅಂತ."

ಅವರು ಹೋದರು. ಅವನು ಕೈಗವಸು ಕಳಚಿ, ಮೊಣಕಾಲೂರಿ, ಡಿಕ್ಕಿಯೊಳಗೆ ಸೊಂಟದವರೆಗೆ ಬಗ್ಗಿದ. ಮೊದಲು ಬಂದದ್ದು ಅವನದೇ ಅಕ್ಷರ, ಚೊಕ್ಕವಾದ, ಯಾರದೂ ಅಲ್ಲದ ಅಕ್ಷರ. ಅಳಿಸಿದ. ಮತ್ತೆ ಬರೆದ, ಅಳಿಸಿದ. ಅವಸರದಲ್ಲಿರುವವನ ಕೈ ಬೇಕಿತ್ತು. ಸುತ್ತಿಗೆ ಕೆಳಗಿಟ್ಟು ಮನೆಗೆ ಹೊರಟವನ ಕೈ, ಮನೆಯಲ್ಲಿ ಯಾರೋ ಕಾಯುತ್ತಿರುವವನ ಕೈ. ಅವನು ಕಣ್ಣು ಮುಚ್ಚಿ ಗೀಚಿದ.

ತೆರೆದಾಗ ಅದು ಅಲ್ಲಿತ್ತು. ಅಡ್ಡಗೆರೆ ತುಸು ವಾಲಿತ್ತು, ಕೊನೆಯ ಸೊನ್ನೆ ಪೂರ್ತಿ ಕೂಡಿರಲಿಲ್ಲ. ಬೆಲೆಗಾರನ ಕಣ್ಣಿಂದ ನೋಡಿದ. ಏನೂ ತಪ್ಪು ಸಿಗಲಿಲ್ಲ. ಬೇರೆ ಯಾರದೋ ಶೆಡ್ಡಿನಲ್ಲಾದರೆ ಮರುಮಾತಿಲ್ಲದೆ ಅಸಲಿ ಎಂದು ಬರೆಯುತ್ತಿದ್ದ. ಬರೆದಿದ್ದ. ಎಷ್ಟೋ ಶೆಡ್ಡುಗಳಲ್ಲಿ ಬರೆದಿದ್ದ. ಅಲ್ಲೆಲ್ಲ ತನಗಿಂತ ಮುಂಚೆ ಯಾರು ಹೀಗೆ ಮೊಣಕಾಲೂರಿದ್ದರೋ.

ಸರಿಯಾಗಿದೆಯೇ ಎಂದು ತಾಳೆ ನೋಡಲು ಅಣ್ಣ ತೋರಿಸಿದ ಏಳನ್ನು ನೆನೆದ. ಕಣ್ಣಿಗೆ ಬಂದದ್ದು ಈಗ ತಾನು ಬರೆದ ಏಳು. ಅದನ್ನು ಪಕ್ಕಕ್ಕೆ ತಳ್ಳಿ ಹಿಂದೆ ಹುಡುಕಿದ. ಹಿಂದೆ ಹೊಳೆಯುವ ತಗಡಿತ್ತು.

"ಆಯ್ತೇನೋ?" ಒಳಗಿಂದ ಅತ್ತಿಗೆ ಕೂಗಿದರು. "ಕೈ ತೊಳ್ಕೊಂಡು ಬಾ!"

ಜೇಬಿನಲ್ಲಿ ಫೋನು ಮತ್ತೆ ನಡುಗಿತು. ಅವನು ಹೆಬ್ಬೆರಳಿಗೆ ಎಂಜಲು ಹಚ್ಚಿ, ಅಳಿಸಲು ಅಂಕಿಯ ಮೇಲೆ ತಂದ. ತಂದ ಬೆರಳು ಅಲ್ಲೇ ನಿಂತಿತು. ಮುದಿ ಡಿಕ್ಕಿಯ ಮುಚ್ಚಳ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯತೊಡಗಿತು, ಬೆನ್ನಿಗೆ ತಾಗಿ ಅಲ್ಲೇ ಒರಗಿತು. ಅವನು ಕದಲಲಿಲ್ಲ. ಕತ್ತಲಲ್ಲಿ ಕಾರು ಕಾಣುತ್ತಿರಲಿಲ್ಲ, ಕೈ ಕಾಣುತ್ತಿರಲಿಲ್ಲ. ಅಂಕಿಯೊಂದೇ ಬೆಳ್ಳಗೆ, ಯಾವುದರ ಮೇಲೂ ಬರೆದಿರದ ಹಾಗೆ, ತೇಲುತ್ತಿತ್ತು.